ಎರಡು ಹೆರಿಗೆಗಳ ನಡುವಣ ಕಾಲ

ನಮ್ಮ ಹಿರಿಯರು ನವವಧುವನ್ನು ‘ಅಷ್ಟಪುತ್ರಾ ಭವ’ ಎಂದು ಹರಸುತ್ತಿದ್ದರು. ಎಂಟು ಸಲ ಹೆರತಕ್ಕವಳನ್ನು ಕೇಳಿ ಹರಸಿದರೋ ಇಲ್ಲವೋ, ಅದು ಬೇರೆ ಮಾತು. ಆದರೆ ಷೋಡಶ ಸಂಸ್ಕಾರಗಳಲ್ಲಿ ಗರ್ಭಾಧಾನವನ್ನೇ ಮೊದಲೆಣಿಸಿದವರಿಗೆ, ಗರ್ಭವು ಯೋಚಿಸಿ ಕೈಕೊಳ್ಳತಕ್ಕ ಕಾರ್ಯವೆಂಬುದು ತಿಳಿಯದಿರಲಿಲ್ಲ.

ಸಂತತಿನಿಯಮನವು ಕನ್ನಡನಾಡಿಗೆ ಹೊಸದಲ್ಲ. ಮೈಸೂರು ಸಂಸ್ಥಾನದ ಸರ್ಕಾರವು ಇದಕ್ಕಾಗಿ ಚಿಕಿತ್ಸಾಲಯಗಳನ್ನು ತೆರೆಯಲು 1930ರಲ್ಲಿಯೇ ಆಜ್ಞೆ ಮಾಡಿತು. ಸರ್ಕಾರವೊಂದು ಹೀಗೆ ಮಾಡಿದ್ದು ಲೋಕದಲ್ಲಿಯೇ ಮೊದಲೆಂದು ಹೇಳುವರು. ನಮ್ಮ ಕಟಪಾಡಿಯು ಆಗ ಮದರಾಸು ಆಧಿಪತ್ಯಕ್ಕೆ ಸೇರಿದ್ದುದರಿಂದ ಆ ಆಜ್ಞೆ ಇಲ್ಲಿಗೆ ಮುಟ್ಟಲಿಲ್ಲ. ಭಾರತ ಸರ್ಕಾರದ ಕುಟುಂಬ ಯೋಜನೆ ಬಂದದ್ದು 1952ರಲ್ಲಿ.

ಈಗ ಮಕ್ಕಳ ಸಂಖ್ಯೆಯ ಚಿಂತೆ ಕಳೆದಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಹೆಂಗಸೊಬ್ಬಳಿಗೆ ಸರಾಸರಿ 1.7 ಮಕ್ಕಳು. ವಿಚಾರಿಸತಕ್ಕದ್ದು ಕಾಲವನ್ನು. ಹೆರಿಗೆಯಾದ ಮೇಲೆ ಎರಡು ವರ್ಷವಾದರೂ ಕಳೆಯದೆ ಮತ್ತೆ ಗರ್ಭ ನಿಲ್ಲಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಎಲ್ಲರ ಸ್ಥಿತಿಯೂ ಒಂದಲ್ಲ. ಮಣಿಪಾಲದ ಕಚೇರಿಯಲ್ಲಿ ಉದ್ಯೋಗದಲ್ಲಿರುವವಳಿಗೆ ಹೆರಿಗೆಯ ರಜೆಯುಂಟು. ಶಂಕರಪುರದ ಮಲ್ಲಿಗೆ ಬೆಳೆಯುವವಳು ಬೆಳಗಾಗುತ್ತಲೇ ಮೊಗ್ಗು ಕೊಯ್ದು ಕಟ್ಟಬೇಕು. ಬೀಡಿಯವಳಿಗೆ ಕಟ್ಟಿದಷ್ಟಕ್ಕೆ ಮಜೂರಿ. ಇವರಿಗೆ ಹೆರಿಗೆಯ ಬೆನ್ನಿಗೆ ಹೆರಿಗೆ ಬಂದರೆ ಮೈಯ ರಕ್ತವೂ ಹೋಯಿತು, ಕೈಯ ಸಂಪಾದನೆಯೂ ಹೋಯಿತು. ಅಳಿಯಸಂತಾನದ ಕಟ್ಟಿನಲ್ಲಿ ಮನೆತನವನ್ನೇ ಹೆಣ್ಣಿನ ಬಳಿಯಿಂದ ಎಣಿಸಿದ ನಾಡಿನಲ್ಲಿ, ಬಸಿರಿನ ಕಾಲವನ್ನು ಮಾತ್ರ ಅವಳನ್ನು ಕೇಳದೆ ನಿಶ್ಚಯಿಸುವುದು ವಿಚಿತ್ರವಲ್ಲವೇ?

ಬೇರೆಯೇ ಒಂದು ಪೇಚು, ಗಂಡನು ಗಲ್ಫ್ ದೇಶದಲ್ಲಿರುವವಳದು. ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಅವನು ರಜೆಯಲ್ಲಿ ಬರುವನು. ಉಳಿದ ದಿನಗಳಲ್ಲಿ ಬೇಡವಾದ ಉಪಾಯವನ್ನು ಆಗ ಥಟ್ಟನೆ ಎಲ್ಲಿಂದ ತರುವುದು? ನಿತ್ಯ ನುಂಗುವ ಮಾತ್ರೆಯನ್ನು ಮುಟ್ಟಿನ ಮೊದಲ ದಿನಗಳಲ್ಲಿ ತೊಡಗದೆ ನಡುವೆ ತೊಡಗಿದರೆ, ಏಳು ದಿನ ಬೇರೊಂದು ಉಪಾಯವೂ ಬೇಕು. ‘ಅಂತರಾ’ ಚುಚ್ಚುಮದ್ದು ಮೂರು ತಿಂಗಳು ಕಾಯುವುದು. ಆದರೆ ಬಿಟ್ಟ ಬಳಿಕ ಗರ್ಭ ನಿಲ್ಲಲು ಹಲವು ತಿಂಗಳು ಹಿಡಿಯಬಹುದಾದುದರಿಂದ, ಮುಂದಿನ ರಜೆಯಲ್ಲಿಯೇ ಮಗು ಬೇಕೆನ್ನುವವರು ಇದನ್ನು ಲೆಕ್ಕಕ್ಕೆ ಹಿಡಿಯತಕ್ಕದ್ದು. ಕಾಪರ್-ಟಿ ಎಂಬ ವಂಕಿಯಾದರೋ ಹತ್ತು ವರ್ಷದವರೆಗೂ ಇರಬಲ್ಲುದು, ಬೇಡವೆಂದಾಗ ತೆಗೆಯಿಸಬಹುದು. ಹೆರಿಗೆಯಾದ 48 ಗಂಟೆಗಳೊಳಗೇ ಹಾಕಿಸಲೂಬಹುದು. ತನ್ನ ದೇಹಕ್ಕೆ ಯಾವುದು ಹೊಂದುವುದೆಂದು ವೈದ್ಯರನ್ನು ಕೇಳಿಯೇ ಆರಿಸಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಇವಕ್ಕೆ ಹಣ ಕೊಡಬೇಕಾಗಿಲ್ಲ. ಎಲ್ಲಕ್ಕೂ ಸುಲಭವಾದದ್ದು ಗಂಡಸು ಬಳಸುವ ನಿರೋಧ್. ಅಂಗಡಿಯಲ್ಲಿ ಅದನ್ನು ಕೇಳಲು ನಾಚುವವನು, ಹೆಂಡತಿಯ ಒಂಬತ್ತು ತಿಂಗಳಿನ ಬವಣೆಗೆ ನಾಚಿದ್ದನ್ನು ಕಾಣೆ!

ಮಗು ಬೇಕಾದವರಿಗೂ ಯೋಚನೆ ಬೇಕು. ಗರ್ಭ ನಿಲ್ಲುವ ಒಂದು ತಿಂಗಳ ಮೊದಲಿಂದಲೇ ಫೋಲಿಕ್ ಆಮ್ಲದ ಮಾತ್ರೆ ತೆಗೆದುಕೊಂಡರೆ ಶಿಶುವಿಗೆ ಬೆನ್ನುಹುರಿಯ ದೋಷ ತಗಲುವ ಸಂಭವ ಕಡಿಮೆ.

ಮಕ್ಕಳು ಸಾಕೆಂದ ಮೇಲಿನ ಮಾತು ಗೃಹಸ್ಥರಿಗೇ ಸೇರಿದ್ದು. ಅದೇ ಸಮೀಕ್ಷೆಯಂತೆ ಭಾರತದ ವಿವಾಹಿತ ಸ್ತ್ರೀಯರಲ್ಲಿ ನೂರಕ್ಕೆ 37.9 ಮಂದಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಗಂಡನೇ ಮಾಡಿಸಿಕೊಂಡದ್ದು ನೂರಕ್ಕೆ 0.3. ಗಂಡಸಿನದಕ್ಕೆ ಹೊಟ್ಟೆ ಕೊಯ್ಯಬೇಕಾಗಿಲ್ಲ, ಅದೇ ದಿನ ಮನೆಗೆ ನಡೆದು ಬರಬಹುದು. ಆದರೆ ಮುಂದಿನ ಮೂರು ತಿಂಗಳು ಬೇರೆ ಉಪಾಯವನ್ನು ಬಿಡಕೂಡದು. ಅನಂತರ ವೀರ್ಯ ಪರೀಕ್ಷೆ ಮಾಡಿಸಿ ನಿಶ್ಚಯಿಸಿಕೊಳ್ಳತಕ್ಕದ್ದು.