ತುಕ್ಕೇ ಕಟ್ಟುವ ಕೋಟೆ

ಕಾಶಿಯ ಕೇದಾರ ಘಾಟಿನ ಕೆಂಪು-ಬಿಳಿ ಪಟ್ಟೆಗಳ ನಡುವೆ ನಿಂತು ದಕ್ಷಿಣಕ್ಕೆ ನೋಡಿ. ವಿಜಯನಗರಂ ಘಾಟ್, ಲಾಲಿ ಘಾಟ್ ದಾಟಿದರೆ ಹರಿಶ್ಚಂದ್ರ ಘಾಟ್. ಅದಕ್ಕೆ ಅಂಟಿಕೊಂಡೇ ಮೈಸೂರು ಸಂಸ್ಥಾನದ ನೆನಪಿನ ಕರ್ನಾಟಕ ಘಾಟ್. ಅಲ್ಲಿಂದ ಕೇದಾರೇಶ್ವರನ ದರ್ಶನಕ್ಕೆ ನದಿದಂಡೆಯಲ್ಲೇ ಬರುವ ಕನ್ನಡಿಗರು ಉರಿಯುವ ಚಿತೆಗಳನ್ನು ಹಾದೇ ಬರಬೇಕು. ಕೆಲವೇ ನಿಮಿಷಗಳ ಹಾದಿ. ಆದರೆ ಲೋಹಗಳ ಇಬ್ಬರು ಮಹಾ ವೈರಿಗಳಾದ ನೀರು ಮತ್ತು ಬೆಂಕಿ ಇಷ್ಟು ಹತ್ತಿರ ಹತ್ತಿರ ವಾಸವಾಗಿರುವ ಇನ್ನೊಂದು ಜಾಗ ನನಗಂತೂ ಗೊತ್ತಿಲ್ಲ!

ಮೊದಲು ನೀರು. ಮಳೆಗಾಲದಲ್ಲಿ ಗಂಗೆ ಮೆಟ್ಟಿಲುಗಳನ್ನು ನುಂಗುತ್ತಾಳೆ, ಇಳಿಯುವಾಗ ಹೂಳು ಬಿಟ್ಟು ಹೋಗುತ್ತಾಳೆ. ದೋಣಿ ಕಟ್ಟುವ ಕಬ್ಬಿಣದ ಸರಪಳಿಯೊಂದರ ಅರ್ಧ ಹೂಳಿನಲ್ಲಿ ಹುದುಗಿದೆ, ಅರ್ಧ ಹರಿಯುವ ನೀರಿನಲ್ಲಿದೆ ಎಂದುಕೊಳ್ಳಿ. ಯಾವ ಅರ್ಧ ಬೇಗ ಸವೆಯುತ್ತದೆ? ಗಾಳಿ ಬೆರೆತ ನೀರಿನಲ್ಲಿರುವುದು ಎಂದು ಯಾರಾದರೂ ಹೇಳುತ್ತಾರೆ. ಆದರೆ ಹೆಚ್ಚಾಗಿ ಸೋಲುವುದು ಆಮ್ಲಜನಕ ಸಿಗದೆ ಕೆಸರಿನಲ್ಲಿ ಮುಚ್ಚಿಹೋದ ಭಾಗ! ಆಮ್ಲಜನಕ ಇರುವ ಕಡೆಗೂ ಇಲ್ಲದ ಕಡೆಗೂ ನಡುವೆ ಪುಟ್ಟ ಬ್ಯಾಟರಿಯೊಂದು ಹುಟ್ಟಿಕೊಂಡು, ಕೆಸರಿನ ಭಾಗ ಎಲೆಕ್ಟ್ರಾನುಗಳನ್ನು ಕೊಡುತ್ತಾ ಕೊಡುತ್ತಾ ಕರಗುತ್ತದೆ. ಅಲುಗಾಡದೆ ಬಿದ್ದಿರುವ ಸರಪಳಿಯೊಳಗೆ ವಿದ್ಯುತ್ ಹರಿಯುತ್ತಿದೆ!

ಇನ್ನು ಬೆಂಕಿ. ಸೌದೆಯ ಚಿತೆ ಚೆನ್ನಾಗಿ ಹೊತ್ತಿಕೊಂಡರೆ 800 ಡಿಗ್ರಿ ಸೆಲ್ಸಿಯಸ್ ದಾಟಬಲ್ಲದು. ಅಲ್ಯುಮಿನಿಯಂ 660ಕ್ಕೇ ನೀರಾಗುತ್ತದೆ. ಕಬ್ಬಿಣ ಕರಗಲು 1538 ಬೇಕು. ಹಾಗಾದರೆ ಅದು ಬಚಾವೇ? ಅಲ್ಲ. 570 ಡಿಗ್ರಿ ದಾಟಿದೊಡನೆ ಅದರ ಮೇಲೆ ವುಸ್ಟೈಟ್ ಎಂಬ ಆಕ್ಸೈಡ್ ಬೆಳೆಯತೊಡಗುತ್ತದೆ. ಈ ಆಕ್ಸೈಡಿನ ಹರಳಿನೊಳಗೆ ಎಲ್ಲೆಲ್ಲೂ ಖಾಲಿ ಸ್ಥಾನಗಳು. ಆ ಕಿಂಡಿಗಳಿಂದ ಕಬ್ಬಿಣದ ಅಯಾನುಗಳು ಹೊರಕ್ಕೆ ನುಗ್ಗಿ ನುಗ್ಗಿ ಆಮ್ಲಜನಕದ ಪಾಲಾಗುತ್ತವೆ. ಕರಗದೆಯೇ ಕಬ್ಬಿಣ ಉದುರಿ ಮುಗಿಯುತ್ತದೆ.

1980ರ ದಶಕದ ಕೊನೆಗೆ ಹರಿಶ್ಚಂದ್ರ ಘಾಟಿಗೆ ವಿದ್ಯುತ್ ಚಿತಾಗಾರ ಬಂತು. ಇಂಥ ಕುಲುಮೆಗಳಲ್ಲಿ ಕೆಂಪಗೆ ಕಾದು ನಿಲ್ಲುವ ತಂತಿಯನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. ಕಬ್ಬಿಣ ಉದುರಿಹೋಗುವ ಶಾಖದಲ್ಲಿ ಇದು ಸಾವಿರಾರು ಗಂಟೆ ಹೇಗೆ ಉಳಿಯುತ್ತದೆ? ಇಂಥ ತಂತಿಗೆ ಬಳಸುವ ಮಿಶ್ರಲೋಹಗಳಲ್ಲೊಂದಾದ, 1906ರಲ್ಲಿ ಅಮೆರಿಕದ ಆಲ್ಬರ್ಟ್ ಮಾರ್ಷ್ ಪೇಟೆಂಟ್ ಪಡೆದ ನೈಕ್ರೋಮ್‌ನಲ್ಲಿ ಸುಮಾರು 80 ಪಾಲು ನಿಕ್ಕಲ್, 20 ಪಾಲು ಕ್ರೋಮಿಯಂ. ಇದರ ಗುಟ್ಟು ಕೇಳಿ: ಇದೂ ಉರಿಯುತ್ತದೆ! ಶಾಖ ತಾಗಿದೊಡನೆ ಕ್ರೋಮಿಯಂ ಎಲ್ಲಕ್ಕಿಂತ ಮೊದಲು ಮುಂದೆ ಬಂದು ಆಮ್ಲಜನಕವನ್ನು ಅಪ್ಪಿಕೊಂಡು, ಮೇಲೆ ದಟ್ಟವಾದ ತೆಳು ಪೊರೆ ಕಟ್ಟಿಬಿಡುತ್ತದೆ. ಆಮೇಲೆ ಒಳಗಿನದು ಹೊರಗೆ, ಹೊರಗಿನದು ಒಳಗೆ ಹೋಗಲು ಒದ್ದಾಡಬೇಕು. ಪೊರೆ ಹರಿದರೆ, ಕಾಯುವ ಹಾಲಿನ ಮೇಲೆ ಮತ್ತೆ ಕೆನೆ ಕಟ್ಟುವಂತೆ, ತಂತಿ ತನ್ನೊಡಲಿನಿಂದಲೇ ಹೊಸದನ್ನು ಹೊಲಿದುಕೊಳ್ಳುತ್ತದೆ. ತುಕ್ಕು ಹಿಡಿಯದ ಲೋಹ ಗೆಲ್ಲುವುದಿಲ್ಲ. ಸರಿಯಾಗಿ ತುಕ್ಕು ಹಿಡಿಯಬಲ್ಲ ಲೋಹ ಗೆಲ್ಲುತ್ತದೆ!

ಎಲ್ಲ ಪೊರೆಯೂ ಕೋಟೆಯಾಗದೇಕೆ? ಪಿಲ್ಲಿಂಗ್ ಮತ್ತು ಬೆಡ್‌ವರ್ತ್ ಎಂಬಿಬ್ಬರು 1923ರಲ್ಲಿ ಒಂದು ಸರಳ ಲೆಕ್ಕ ಹಾಕಿದರು: ಹುಟ್ಟುವ ಆಕ್ಸೈಡಿನ ಗಾತ್ರವನ್ನು ಅದಕ್ಕಾಗಿ ಖರ್ಚಾದ ಲೋಹದ ಗಾತ್ರದಿಂದ ಭಾಗಿಸಿ. ಮೆಗ್ನೀಸಿಯಂಗೆ 0.81, ಪೊರೆ ಮೈಗೆ ಸಾಲದೆ ಬಿರಿಯುತ್ತದೆ. ಅಲ್ಯುಮಿನಿಯಂಗೆ 1.28; ಹೊಲಿಸಿದ ಹಾಗೆ ಕೂರುತ್ತದೆ. ಲೆಕ್ಕ ಎಲ್ಲ ಲೋಹಕ್ಕೂ ಪಾಸಾಗದು, ನಿಜ. ಆದರೂ ಎಂಥ ಹೊಳಹು! ಅದೇ 1923ರಲ್ಲಿ, ಇದೇ ದಂಡೆಯ ದಕ್ಷಿಣಕ್ಕಿರುವ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ದೇಶದ ಮೊಟ್ಟಮೊದಲ ಲೋಹಶಾಸ್ತ್ರ ವಿಭಾಗ ಶುರುವಾಯಿತು.

ಕೋಟೆಗೂ ಲಗ್ಗೆಯುಂಟು. ಕುಲುಮೆ ಆರಿ ಮತ್ತೆ ಹೊತ್ತುವಾಗ ಲೋಹ ಹೆಚ್ಚು ಕುಗ್ಗಿ ಹಿಗ್ಗುತ್ತದೆ, ಪೊರೆ ಕಡಿಮೆ. ಹೊಂದಾಣಿಕೆಯಾಗದೆ ಸಿಪ್ಪೆ ಏಳುತ್ತದೆ. ಬೂದಿಯಲ್ಲಿರುವ ಸೋಡಿಯಂ, ಪೊಟ್ಯಾಸಿಯಂ ಲವಣಗಳು ಕರಗಿ ಪೊರೆಯನ್ನೇ ತಿನ್ನುತ್ತವೆ. ಕುಲುಮೆಯ ಬೆಂಕಿ ತಾಳುವ ಇಟ್ಟಿಗೆಗಳನ್ನೂ ಅವು ಬಿಡುವುದಿಲ್ಲ. ಸಿಪ್ಪೆ ಏಳುವುದಕ್ಕೆ ಮದ್ದು ಏನು ಗೊತ್ತೇ? ಮಿಶ್ರಲೋಹಕ್ಕೆ ಶೇಕಡಾ ಒಂದರಷ್ಟೂ ಅಲ್ಲದ ಒಂದಿಷ್ಟು ಇಟ್ರಿಯಂ ಅಥವಾ ಸೀರಿಯಂ! ಅಷ್ಟಕ್ಕೇ ಪೊರೆ ಲೋಹಕ್ಕೆ ಕಚ್ಚಿ ಕೂರುತ್ತದೆ.

ಇದೇ ವಿದ್ಯೆ ಆಕಾಶಕ್ಕೂ ಏರಿದೆ. ಜೆಟ್ ಎಂಜಿನ್ನಿನ ಅಲಗುಗಳನ್ನು ಸುತ್ತುವರಿಯುವ ಅನಿಲ ಆ ಅಲಗಿನ ಲೋಹವೇ ಕರಗುವಷ್ಟು ಬಿಸಿ. ಆದರೂ ಒಳಗಿನ ಸಣ್ಣ ಸುರಂಗಗಳ ತಂಪುಗಾಳಿ, ಮೇಲಿನ ಜಿರ್ಕೋನಿಯಾ ಲೇಪ, ಅದರಡಿಯ ಅಲ್ಯುಮಿನಾ ಪೊರೆ ಸೇರಿ ಕಾಪಾಡುತ್ತವೆ. ಶಾಖದಲ್ಲಿ ಲೋಹ ನಿಧಾನವಾಗಿ ಜಗ್ಗುವುದನ್ನು ತಡೆಯಲು ಇಡೀ ಅಲಗನ್ನು ಒಂದೇ ಹರಳಾಗಿ ಬೆಳೆಸುತ್ತಾರೆ. ಹೈದರಾಬಾದಿನ ರಕ್ಷಣಾ ಲೋಹಶಾಸ್ತ್ರ ಪ್ರಯೋಗಾಲಯ ಅಂಥ 60 ಅಲಗುಗಳನ್ನು 2021ರಲ್ಲಿ ಹೆಲಿಕಾಪ್ಟರ್ ಎಂಜಿನ್ನಿಗಾಗಿ ಎಚ್‌ಎಎಲ್‌ಗೆ ಕೊಟ್ಟಿತು.

ಆದರೆ ನನ್ನನ್ನು ಎಲ್ಲಕ್ಕಿಂತ ಬೆರಗುಗೊಳಿಸುವುದು ಹಳೆಯ ಕಬ್ಬಿಣ. ದೆಹಲಿಯ ಕಬ್ಬಿಣದ ಕಂಬ ಸುಮಾರು 1600 ವರ್ಷ ಬಯಲಲ್ಲಿ ನಿಂತಿದೆ. ಬನಾರಸ್ಸಿನಲ್ಲೇ ಲೋಹಶಾಸ್ತ್ರ ಕಲಿತು ಕಾನ್ಪುರದ ಐಐಟಿಯಲ್ಲಿ ಪ್ರಾಧ್ಯಾಪಕರಾದ ಆರ್. ಬಾಲಸುಬ್ರಮಣ್ಯಂ ಅದರ ಗುಟ್ಟು ಬಿಡಿಸಿದರು: ಕಬ್ಬಿಣದಲ್ಲಿದ್ದ ರಂಜಕವೇ ತೆಳು ಫಾಸ್ಫೇಟ್ ಪೊರೆಯಾಗಿ ಕಂಬವನ್ನು ಕಾಯುತ್ತಿದೆ. ಬನಾರಸ್ಸಿನ ಅದೇ ವಿಭಾಗವನ್ನು ಬೆಳೆಸಿದ ಟಿ.ಆರ್. ಅನಂತರಾಮನ್ ದೆಹಲಿಯ ಕಂಬದ ಬಗ್ಗೆ ಪುಸ್ತಕವನ್ನೇ ಬರೆದರು. 1999ರಲ್ಲಿ ಬೆಂಗಳೂರಿನ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಅವರು ಬರೆದದ್ದು ನಮ್ಮದೇ ಕೊಡಚಾದ್ರಿಯ ಕಂಬದ ಮೇಲೆ. ಮೂಲ ಮೂಕಾಂಬಿಕೆಯ ಗುಡಿಯ ಮುಂದೆ, ಮಲೆನಾಡಿನ ಆ ಜಡಿಮಳೆಗೆ ಮೈಯೊಡ್ಡಿ ನಿಂತಿರುವ ಕಬ್ಬಿಣ ಅದು!

ದೆಹಲಿಯ ಕಂಬವನ್ನು ಜನ ತಬ್ಬಿ ತಬ್ಬಿ ಪೊರೆ ಸವೆಯಿತೆಂದು 1997ರಲ್ಲಿ ಬೇಲಿ ಹಾಕಬೇಕಾಯಿತು. ಕೊಡಚಾದ್ರಿಗೆ ಹೋದಾಗ ಕಂಬವನ್ನು ಕಣ್ತುಂಬ ನೋಡಿ, ಮಕ್ಕಳಿಗೂ ತೋರಿಸಿ. ಆದರೆ ಹೆಸರು ಕೆತ್ತಬೇಡಿ, ಉಜ್ಜಬೇಡಿ, ಬಣ್ಣ ಬಳಿಯಬೇಡಿ.