ಕ್ರೈಸ್ತ ಕಾಲೇಜಿನಲ್ಲಿ ಎಂಕಾಂ: ಪಾಠ ಎಲ್ಲಿವರೆಗೆ, ಪ್ರಾರ್ಥನೆ ಎಲ್ಲಿಂದ?

ಡಿಗ್ರಿಯ ಕೊನೇ ಸೆಮಿಸ್ಟರ್ ಬಂತು ಅಂದ್ರೆ ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಒಂದೇ ಮಾತು: ಮುಂದೆ ಎಲ್ಲಿ? ಧಾರವಾಡವಾ, ಮಂಗಳೂರಾ, ಬೆಂಗಳೂರಾ?

ಈ ಸಲ ಎರಡು ವಾಯ್ಸ್ ಮೆಸೇಜ್ ಬಂದಿವೆ. ಸಿದ್ದಾಪುರದ ಒಬ್ಬಳು ಕೇಳ್ತಾಳೆ: "ಕ್ರಿಶ್ಚಿಯನ್ ಕಾಲೇಜಲ್ಲಿ ಎಂಕಾಂ ಸೀಟು ಸಿಗಬಹುದು. ಆದ್ರೆ ಅಲ್ಲಿ ಪ್ರಾರ್ಥನೆ ಕಡ್ಡಾಯ ಅಂತ ಅಪ್ಪ ಬೇಡ ಅಂತಿದಾರೆ. ನಿಜವಾ?" ಯಲ್ಲಾಪುರದ ಕ್ಯಾಥೊಲಿಕ್ ಹುಡುಗ ಕೇಳೋದು ಇದಕ್ಕೆ ಉಲ್ಟಾ: "ನನ್ನ ನಂಬಿಕೆಗೂ ನಾನು ಓದೋ ಕಾಮರ್ಸ್‌ಗೂ ಏನಾದ್ರೂ ಸಂಬಂಧ ಇದೆಯಾ?"

ಇಬ್ಬರಿಗೂ ಉತ್ತರ ಬೇಕಂದ್ರೆ ಮೊದಲು ಒಂದು ವಿಷಯ ಬಿಡಿಸಿಕೊಳ್ಳೋಣ. ಉನ್ನತ ಶಿಕ್ಷಣದಲ್ಲಿ ಕ್ರೈಸ್ತ ಧರ್ಮ ಮೂರು ಬೇರೆ ಬೇರೆ ರೀತಿಯಲ್ಲಿ ಇರುತ್ತೆ.

ಒಂದು, ಧರ್ಮವೇ ಡಿಗ್ರಿ. ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು 1910ರದ್ದು. ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು 1965ರದ್ದು. ಇಲ್ಲಿನ ಬಿ.ಡಿ. ಪದವಿ ಕೊಡೋದು ಬಂಗಾಳದ ಸೆರಾಂಪುರ ವ್ಯವಸ್ಥೆ. ವಿಲಿಯಂ ಕೇರಿ ಮತ್ತು ಜೊತೆಗಾರರು 1818ರಲ್ಲಿ ಕಟ್ಟಿದ ಕಾಲೇಜು ಅದು. 1827ರಲ್ಲಿ ಡೆನ್ಮಾರ್ಕ್ ದೊರೆಯ ಸನ್ನದು ಸಿಕ್ಕಿ ಪದವಿ ಕೊಡೋ ಅಧಿಕಾರ ಬಂತು. ಇಲ್ಲಿಗೆ ಸೇರೋರು ಧರ್ಮಶಾಸ್ತ್ರ ಓದೋಕೆ ಅಂತಲೇ ಸೇರ್ತಾರೆ.

ಎರಡು, ಧರ್ಮ ಒಂದು ಅಧ್ಯಯನದ ವಿಷಯ. ಮೈಸೂರು ವಿಶ್ವವಿದ್ಯಾಲಯ ಸರ್ಕಾರದ್ದು. ಅಲ್ಲೂ ಕ್ರೈಸ್ತ ಧರ್ಮದ ಅಧ್ಯಯನಕ್ಕೆ ವಿಭಾಗ ಇದೆ. ಧರ್ಮಗಳ ಬಗ್ಗೆ ಓದೋದು ಬೇರೆ, ಧರ್ಮಬೋಧನೆ ಬೇರೆ. 2002ರ ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಈ ವ್ಯತ್ಯಾಸವನ್ನು ಒಪ್ಪಿದೆ.

ಮೂರು, ಕ್ರೈಸ್ತ ಆಡಳಿತದ ಸಾಮಾನ್ಯ ಕಾಲೇಜು. ಮಂಗಳೂರಿನ ಸೇಂಟ್ ಅಲೋಶಿಯಸ್ ತಗೊಳ್ಳಿ. ಜೆಸ್ವಿಟರು 1880ರಲ್ಲಿ ಶುರು ಮಾಡಿದ್ದು, 2024ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯ ಆಯ್ತು. ಸಿಲೆಬಸ್ಸಿನ ಕಾಮರ್ಸ್ ಎಲ್ಲಾ ಕಡೆ ಕಾಮರ್ಸೇ. ನಂಬಿಕೆ ಇರೋದು ಕಲಿಸೋ ಕ್ರಮದಲ್ಲಿ. 1993ರಲ್ಲಿ ಜೆಸ್ವಿಟರು ತಮ್ಮ ಶಿಕ್ಷಕರಿಗೆ ಐದು ಹೆಜ್ಜೆ ಹೇಳಿದ್ರು: ವಿದ್ಯಾರ್ಥಿಯ ಹಿನ್ನೆಲೆ, ಅನುಭವ, ಚಿಂತನೆ, ಕ್ರಿಯೆ, ಮೌಲ್ಯಮಾಪನ.

ಆಡಿಟಿಂಗ್ ಕ್ಲಾಸಿಗೆ ಇದನ್ನು ಹೊಂದಿಸಿ ನೋಡಿ. 2009ರ ಸತ್ಯಂ ಹಗರಣದಲ್ಲಿ ಬ್ಯಾಂಕಲ್ಲಿ ಇಲ್ಲದ ದುಡ್ಡನ್ನು ಲೆಕ್ಕದಲ್ಲಿ ಇದೆ ಅಂತ ತೋರಿಸಿದ್ರು. ಅದನ್ನು ಹೇಗೆ ಪತ್ತೆ ಮಾಡೋದು ಅನ್ನೋದು ಪಾಠ. ಸುಳ್ಳು ಲೆಕ್ಕ ನಂಬಿ ಷೇರು ಕೊಂಡವರ ಗತಿ ಏನು, ನಿಮ್ಮ ಬಾಸೇ ಸಹಿ ಹಾಕು ಅಂದ್ರೆ ಏನು ಮಾಡ್ತೀರಿ ಅನ್ನೋದು ಚಿಂತನೆ. ಯಲ್ಲಾಪುರದ ತಮ್ಮಾ, ನಿನ್ನ ಪ್ರಶ್ನೆಗೆ ಉತ್ತರ ಇಲ್ಲಿದೆ. ಇಂಥ ಪ್ರಶ್ನೆಗೆ ನೀನು ನಿನ್ನ ನಂಬಿಕೆಯಿಂದ ಉತ್ತರ ಹುಡುಕಬಹುದು. ಪಕ್ಕದ ಬೆಂಚಿನವರು ಅವರವರ ದಾರಿಯಿಂದ ಹುಡುಕಬಹುದು.

ಈಗ ಸಿದ್ದಾಪುರಕ್ಕೆ. ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ಶಿಕ್ಷಣ ಸಂಸ್ಥೆ ಕಟ್ಟಿ ನಡೆಸೋ ಹಕ್ಕು ಕೊಟ್ಟಿದೆ. ಆದ್ರೆ 28(3)ನೇ ವಿಧಿ ಒಂದು ಗೆರೆಯನ್ನೂ ಎಳೆದಿದೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಸಂಸ್ಥೆಯಲ್ಲಿ, ಒಪ್ಪಿಗೆ ಇಲ್ಲದೆ ಯಾರನ್ನೂ ಧರ್ಮಬೋಧನೆಗೋ ಪೂಜೆ-ಪ್ರಾರ್ಥನೆಗೋ ಬರಲೇಬೇಕು ಅನ್ನೋ ಹಾಗಿಲ್ಲ. ಅಪ್ರಾಪ್ತರಾದ್ರೆ ಪೋಷಕರ ಒಪ್ಪಿಗೆ ಬೇಕು. ಎಂಕಾಂ ಸೇರೋ ವಯಸ್ಸಿಗೆ ಆ ಒಪ್ಪಿಗೆ ನಿಮ್ಮದೇ.

ಹಾಗಾಗಿ ಅಡ್ಮಿಷನ್ ಫಾರ್ಮಿಗೆ ಸಹಿ ಹಾಕೋ ಮೊದಲು ಪೂರ್ತಿ ಓದಿ, ಯಾವುದಕ್ಕೆ ಒಪ್ಪಿಗೆ ಕೊಡ್ತಿದೀರಿ ನೋಡಿ. ಮೌಲ್ಯ ಶಿಕ್ಷಣದ ಪೀರಿಯಡ್ ಇದ್ರೆ ಅದರ ಸಿಲೆಬಸ್ ಕೇಳಿ. ಹಾಸ್ಟೆಲ್ ನಿಯಮ ಬೇರೆ ಇರಬಹುದು, ಅದನ್ನೂ ಕೇಳಿ. ಈಗ ಅಲ್ಲೇ ಓದ್ತಿರೋ ನಮ್ಮ ಕಡೆಯವರು ಒಬ್ಬರಿಗಾದ್ರೂ ಫೋನ್ ಮಾಡಿ, ಆಗ ಅಪ್ಪನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಸ್ಪೀಕರ್ ಹಾಕಿ. ಯಾರೋ ಹೇಳಿದ ಮಾತಿಗೆ ಸೀಟು ಬಿಡಬೇಡಿ.