ತಡೆಯುವವನು ತರಬೇತುದಾರನಾದಾಗ

ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಆಟವೆಂದರೆ ಮೊದಲು ಕಬಡ್ಡಿ, ಆಮೇಲೆ ವಾಲಿಬಾಲ್, ಉಳಿದ ಹೊತ್ತೆಲ್ಲ ಟೆನಿಸ್ ಬಾಲ್ ಕ್ರಿಕೆಟ್. ಫುಟ್‌ಬಾಲ್ ಇಲ್ಲಿ ಹೆಚ್ಚಾಗಿ ಟಿ.ವಿ.ಯಲ್ಲಿ ನೋಡುವ ಆಟ. ಆದರೆ ಫುಟ್‌ಬಾಲಿನಲ್ಲಿ ಡಿಫೆಂಡರ್ ಎನಿಸಿಕೊಳ್ಳುವ ರಕ್ಷಣಾ ಆಟಗಾರ ಏನು ಮಾಡುತ್ತಾನೆ ಎಂಬುದನ್ನು ಈ ಭಾಗದವರಿಗೆ ತಿಳಿಸಿ ಹೇಳುವುದು ಕಷ್ಟವಲ್ಲ. ಕಬಡ್ಡಿ ಅಂಕಣದ ಸುತ್ತ ನಿಂತ ಜನ ಕೂಗುವುದು ರೈಡರ್‌ನ ಹೆಸರನ್ನು. ಅವನ ಕಾಲಿಗೆ ಬಿದ್ದು ಹಿಡಿದ ಕಾರ್ನರ್ ಆಟಗಾರನ ಹೆಸರು ಅವನ ಊರಿನವರಿಗೆ ಗೊತ್ತಿದ್ದರೆ ಹೆಚ್ಚು. ಆದರೂ ಎದುರಾಳಿ ಒಳಗೆ ಬಂದಾಗ ಯಾರು ಮುಂದೆ ಸರಿಯಬೇಕು, ಸರಪಳಿ ಯಾವಾಗ ಮುಚ್ಚಬೇಕು ಎಂದು ಕಣ್ಸನ್ನೆಯಲ್ಲೇ ಹೇಳುವವನು ಅವನು.

ಇನ್ನೂ ಹತ್ತಿರದ ಹೋಲಿಕೆ ಬೇಕೆಂದರೆ ನೀರುಗಂಟಿ. ಕಡೂರು ತಾಲ್ಲೂಕಿನ ಅಯ್ಯನಕೆರೆ, ಮದಗದ ಕೆರೆಗಳ ಸೀಮೆಯವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಏರಿ ಗಟ್ಟಿಯಾಗಿದ್ದಷ್ಟು ದಿನ ಏರಿಯ ಸುದ್ದಿ ಯಾರೂ ಎತ್ತುವುದಿಲ್ಲ. ಒಡೆದ ದಿನ ಎಲ್ಲರೂ ಅದನ್ನೇ ಮಾತಾಡುತ್ತಾರೆ. ಫುಟ್‌ಬಾಲಿನ ರಕ್ಷಣಾ ಆಟಗಾರನ ಪಾಡೂ ಇದೇ. ಪತ್ರಿಕೆಗಳೂ ಈ ಮಾತಿನಲ್ಲಿ ಹೊರತಲ್ಲ. ಸ್ಕೋರ್ ಪಟ್ಟಿಯಲ್ಲಿ ಗೋಲು ಹೊಡೆದವರ ಹೆಸರಿಗೆ ಜಾಗವಿದೆ, ತಡೆದವರ ಹೆಸರಿಗೆ ಇಲ್ಲ.

ಇಂಥ ಒಬ್ಬ ತಡೆಯುವವ ಇಂಗ್ಲೆಂಡಿನಿಂದ ಬೆಂಗಳೂರಿಗೆ ಬಂದು, ಹೊಸದಾಗಿ ಹುಟ್ಟಿದ ಕ್ಲಬ್ಬೊಂದನ್ನು ಮೂರು ವರ್ಷದಲ್ಲಿ ಎರಡು ಬಾರಿ ದೇಶದ ಚಾಂಪಿಯನ್ ಮಾಡಿದರು. ಅದೇ ವಿದ್ಯೆಯನ್ನು ಮುಂದೆ ಭಾರತ ತಂಡದ ಮೇಲೆಯೇ ಪ್ರಯೋಗಿಸಿ ಎರಡು ಬಾರಿ ಗೆದ್ದರು. ಅವರ ಹೆಸರು ಆಶ್ಲಿ ವೆಸ್ಟ್‌ವುಡ್.

1976ರ ಆಗಸ್ಟ್ 31ರಂದು ಇಂಗ್ಲೆಂಡಿನ ಶ್ರಾಪ್‌ಷೈರ್ ಪ್ರಾಂತದ ಬ್ರಿಜ್‌ನಾರ್ತ್‌ನಲ್ಲಿ ಹುಟ್ಟಿದ ವೆಸ್ಟ್‌ವುಡ್ ಆಟ ಕಲಿತದ್ದು ಮ್ಯಾಂಚೆಸ್ಟರ್ ಯುನೈಟೆಡ್‌ನ ಕಿರಿಯರ ತಂಡದಲ್ಲಿ. 1995ರಲ್ಲಿ ಎಫ್.ಎ. ಯೂತ್ ಕಪ್ ಗೆದ್ದ ಆ ತಂಡದಲ್ಲಿ ಫಿಲ್ ನೆವಿಲ್ ಕೂಡ ಇದ್ದರು. ನೆವಿಲ್ ಹಿರಿಯರ ತಂಡಕ್ಕೆ ಏರಿ ಇಂಗ್ಲೆಂಡ್ ಪರವೂ ಆಡಿದರು. ವೆಸ್ಟ್‌ವುಡ್‌ಗೆ ಆ ಬಾಗಿಲು ತೆರೆಯಲಿಲ್ಲ. ಅದೇ ವರ್ಷ ಕ್ರೂ ಅಲೆಕ್ಸಾಂಡ್ರ ಎಂಬ ಚಿಕ್ಕ ಕ್ಲಬ್ಬಿಗೆ ಹೋದರು. 1998ರಲ್ಲಿ ಬ್ರಾಡ್‌ಫರ್ಡ್ ಸಿಟಿ ಸೇರಿದರು, ಮುಂದಿನ ವರ್ಷ ಆ ತಂಡ ಪ್ರೀಮಿಯರ್ ಲೀಗ್‌ಗೆ ಬಡ್ತಿ ಪಡೆಯಿತು. 2000ದಲ್ಲಿ ಷೆಫೀಲ್ಡ್ ವೆನ್ಸ್‌ಡೇ, ಆಮೇಲೆ ನಾರ್ತಾಂಪ್ಟನ್, ಚೆಸ್ಟರ್, ಪೋರ್ಟ್ ವೇಲ್, ರೆಕ್ಸಮ್ ಎಂದು ಕೆಳಗಿನ ದರ್ಜೆಯ ಲೀಗುಗಳಲ್ಲೇ ಉಳಿದ ದಿನಗಳನ್ನು ಕಳೆದರು. ದೊಡ್ಡ ಹೆಸರಿಲ್ಲ, ದೇಶದ ತಂಡದ ಟೋಪಿಯಿಲ್ಲ. ಬೂಟು ಬಿಚ್ಚಿಟ್ಟ ಮೇಲೆ ಮೈಕೆಲ್ ಆಪಲ್‌ಟನ್ ಅವರ ಕೈಕೆಳಗೆ ಪೋರ್ಟ್ಸ್‌ಮತ್, ಬ್ಲ್ಯಾಕ್‌ಪೂಲ್, ಬ್ಲ್ಯಾಕ್‌ಬರ್ನ್ ತಂಡಗಳಲ್ಲಿ ತರಬೇತಿ ಕೆಲಸ ಮಾಡಿದರು.

ಇಷ್ಟು ಸಾಧಾರಣ ದಾಖಲೆಯ ಆಟಗಾರ ಒಳ್ಳೆಯ ಕೋಚ್ ಆಗುವುದು ಹೇಗೆ? ಇದಕ್ಕೆ ಉತ್ತರ ಮೈದಾನದಲ್ಲಿ ಅವನು ನಿಲ್ಲುವ ಜಾಗದಲ್ಲೇ ಇದೆ.

ಸ್ಟ್ರೈಕರ್ ಹೆಚ್ಚು ಹೊತ್ತು ಎದುರಾಳಿಯ ಗೋಲಿಗೆ ಬೆನ್ನು ಮಾಡಿ ಚೆಂಡಿಗಾಗಿ ಕಾಯುತ್ತಾನೆ. ಅವನಿಗೆ ಕಾಣುವುದು ಅರ್ಧ ಆಟ. ನಡುವಿನ ಡಿಫೆಂಡರ್‌ಗೆ ಹಾಗಲ್ಲ. ಗೋಲ್‌ಕೀಪರನೊಬ್ಬನನ್ನು ಬಿಟ್ಟರೆ ಉಳಿದೆಲ್ಲರೂ ಅವನ ಕಣ್ಣ ಮುಂದೆಯೇ ಓಡಾಡುತ್ತಾರೆ. ಇದರ ಮೇಲೆ ಆಫ್‌ಸೈಡ್ ನಿಯಮ ಬೇರೆ. ಎದುರಾಳಿಯ ಅರ್ಧದಲ್ಲಿರುವ ಆಟಗಾರನಿಗೆ ಜೊತೆಗಾರ ಚೆಂಡು ಒದೆಯುವ ಕ್ಷಣದಲ್ಲಿ, ಅವನಿಗಿಂತ ಗೋಲಿನ ಕಡೆ ಅಥವಾ ಅವನ ಸಮಕ್ಕೆ ಎದುರಾಳಿಗಳು ಕನಿಷ್ಠ ಇಬ್ಬರಿರಬೇಕು. ಸಾಮಾನ್ಯವಾಗಿ ಒಬ್ಬ ಗೋಲ್‌ಕೀಪರ್, ಇನ್ನೊಬ್ಬ ಕೊನೆಯ ಡಿಫೆಂಡರ್. ಹೀಗಾಗಿ ನಾಲ್ವರು ಡಿಫೆಂಡರುಗಳು ಒಂದೇ ಗೆರೆಯಲ್ಲಿ ಒಟ್ಟಿಗೆ ಮುಂದೆ ಸರಿದರೆ ಎದುರಾಳಿ ಬಲೆಗೆ ಬೀಳುತ್ತಾನೆ. ನಾಲ್ವರಲ್ಲಿ ಒಬ್ಬ ಒಂದು ಹೆಜ್ಜೆ ಹಿಂದುಳಿದರೂ ಸಾಕು, ಬಲೆ ಹರಿಯಿತು. ಆದ್ದರಿಂದ ಆ ಗೆರೆಯನ್ನು ನಡೆಸುವವನು ತೊಂಬತ್ತು ನಿಮಿಷವೂ ಬಾಯಿ ಮುಚ್ಚುವಂತಿಲ್ಲ. ಬಲಕ್ಕೆ ಸರಿ, ಮೇಲೆ ಬಾ, ಅವನನ್ನು ಬಿಡಬೇಡ ಎಂದು ಕೂಗುತ್ತಲೇ ಇರಬೇಕು. ಹತ್ತು ಹದಿನೈದು ವರ್ಷ ಇದನ್ನೇ ಮಾಡಿದವನು ಕೋಚ್ ಆದಾಗ ಕೆಲಸ ಬದಲಾಗುವುದಿಲ್ಲ. ನಿಲ್ಲುವ ಜಾಗ ಮಾತ್ರ ಗೆರೆಯ ಆಚೆಗೆ ಹೋಗುತ್ತದೆ.

ಎಲ್ಲ ದೊಡ್ಡ ಕೋಚ್‌ಗಳೂ ಡಿಫೆಂಡರುಗಳಾಗಿದ್ದರು ಎಂದು ಇದರ ಅರ್ಥವಲ್ಲ. 1951 ಮತ್ತು 1962ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಭಾರತಕ್ಕೆ ಚಿನ್ನ ತಂದುಕೊಟ್ಟ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ ಮೂಲತಃ ಮೇಷ್ಟ್ರು. ಆಟಗಾರನ ಸ್ವಭಾವ ಬಲ್ಲ ರಹೀಂ 1962ರಲ್ಲಿ ಜಕಾರ್ತದಲ್ಲಿ ತಲೆಗೆ ಗಾಯವಾಗಿದ್ದ ಡಿಫೆಂಡರ್ ಜರ್ನೈಲ್ ಸಿಂಗ್‌ರನ್ನು ಮುಂಪಡೆಯಲ್ಲಿ ಆಡಿಸಿದರು. ದಕ್ಷಿಣ ಕೊರಿಯಾ ವಿರುದ್ಧದ ಫೈನಲಿನಲ್ಲಿ ಜರ್ನೈಲ್ ಗೋಲು ಹೊಡೆದರು, ಭಾರತ 2–1ರಲ್ಲಿ ಗೆದ್ದಿತು.

ಯೂರೋಪಿನಲ್ಲಿ ಇದಕ್ಕೆ ಸ್ಲೊವೇನಿಯಾದ ಸ್ರೆಚ್ಕೊ ಕಟಾನೆಟ್ಸ್ ಒಳ್ಳೆಯ ಉದಾಹರಣೆ. ಸ್ಲೊವೇನಿಯಾ ಎಂದರೆ ಯುಗೊಸ್ಲಾವಿಯಾದಿಂದ 1991ರಲ್ಲಿ ಬೇರೆಯಾದ ಪುಟ್ಟ ದೇಶ. ಚಿಕ್ಕಮಗಳೂರು, ಹಾಸನ ಎರಡೇ ಜಿಲ್ಲೆಗಳ ಜನರನ್ನು ಕೂಡಿದರೂ ಅಲ್ಲಿನ ಜನಸಂಖ್ಯೆಗಿಂತ ಹೆಚ್ಚಾಗುತ್ತದೆ. ಕಟಾನೆಟ್ಸ್ ರಕ್ಷಣೆಯಲ್ಲೂ ಅದರ ಮುಂದಿನ ಸಾಲಿನಲ್ಲೂ ಆಡುತ್ತಿದ್ದವರು, 1991ರಲ್ಲಿ ಇಟಲಿಯ ಲೀಗ್ ಗೆದ್ದ ಸಂಪ್ಡೋರಿಯ ತಂಡದಲ್ಲಿದ್ದವರು. ಕೋಚ್ ಆಗಿ ತಮ್ಮ ಪುಟ್ಟ ದೇಶವನ್ನು 2000ದ ಯೂರೋ ಕಪ್ಪಿಗೂ 2002ರ ವಿಶ್ವಕಪ್ಪಿಗೂ ಒಯ್ದರು. ಆದರೆ ವಿಶ್ವಕಪ್ಪಿನ ನಡುವೆಯೇ ತಂಡದ ತಾರೆ ಝ್ಲಾಟ್ಕೊ ಜಹೋವಿಚ್ ಜೊತೆ ಜಗಳವಾಗಿ ಅವರನ್ನು ಮನೆಗೆ ಕಳುಹಿಸಬೇಕಾಯಿತು. ಮೂರೂ ಪಂದ್ಯ ಸೋತು ಕಟಾನೆಟ್ಸ್ ರಾಜೀನಾಮೆ ಕೊಟ್ಟರು. ಗೆರೆ ತಪ್ಪಿದವನನ್ನು ಸಹಿಸದ ಗುಣ ತಂಡ ಕಟ್ಟುವುದಕ್ಕೆ ಎಷ್ಟು ಬೇಕೋ, ಕೆಡಿಸುವುದಕ್ಕೂ ಅಷ್ಟೇ ಸಾಕು.

ಇನ್ನು ಬೆಂಗಳೂರಿನ ಮಾತು. ಈ ನಗರಕ್ಕೆ ಫುಟ್‌ಬಾಲ್ ಹೊಸದಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಪರ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಅದೇ ತಂಡದ ಅಹ್ಮದ್ ಖಾನ್, ವಜ್ರವೇಲು, ಧನರಾಜ್ ಕೂಡ ಇಲ್ಲಿಯವರೇ. 1956ರಲ್ಲಿ ಮೆಲ್ಬರ್ನ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆದ ಭಾರತ ತಂಡದಲ್ಲಿ ಕೆಂಪಯ್ಯ ಇದ್ದರು. ಮೈಸೂರು ರಾಜ್ಯ ನಾಲ್ಕು ಬಾರಿ ಸಂತೋಷ್ ಟ್ರೋಫಿ ಗೆದ್ದಿತ್ತು, ಕೊನೆಯದು 1968–69ರಲ್ಲಿ. ಆಮೇಲೆ ಐ.ಟಿ.ಐ., ಎಚ್.ಎ.ಎಲ್.ನಂಥ ಕಾರ್ಖಾನೆ ತಂಡಗಳು ಆಟವನ್ನು ಹಿಡಿದುಕೊಂಡಿದ್ದವು. ಆಟಗಾರನಿಗೆ ನೌಕರಿ ಸಿಗುತ್ತಿತ್ತು, ಕೆಲಸ ಮುಗಿಸಿ ಮೈದಾನಕ್ಕೆ ಹೋಗುತ್ತಿದ್ದ. ಅದು ಗೌರವದ ಬದುಕೇ. ಆದರೆ ಆಟವನ್ನೇ ಉದ್ಯೋಗ ಮಾಡಿಕೊಂಡ ಕ್ಲಬ್ಬುಗಳು ಗೋವಾ, ಕಲ್ಕತ್ತಗಳಲ್ಲಿ ಬಲವಾದಂತೆ ಬೆಂಗಳೂರು ಹಿಂದೆ ಬಿತ್ತು.

2013ರ ಜುಲೈನಲ್ಲಿ ಜೆ.ಎಸ್.ಡಬ್ಲ್ಯು. ಸಮೂಹ ಬೆಂಗಳೂರು ಎಫ್.ಸಿ.ಯನ್ನು ಸ್ಥಾಪಿಸಿ ವೆಸ್ಟ್‌ವುಡ್‌ರನ್ನು ಕರೆತಂದಾಗ ಕ್ಲಬ್ಬಿಗೆ ಚರಿತ್ರೆ ಇರಲಿಲ್ಲ, ಅಭಿಮಾನಿಗಳೂ ಇರಲಿಲ್ಲ. ಅವರು ಮೊದಲು ಹಿಡಿದದ್ದು ಚೆಂಡನ್ನಲ್ಲ, ಆಟಗಾರರ ದಿನಚರಿಯನ್ನು. ಏನು ತಿನ್ನಬೇಕು, ತೂಕ ಎಷ್ಟಿರಬೇಕು, ಅಭ್ಯಾಸಕ್ಕೆ ಎಷ್ಟು ಹೊತ್ತಿಗೆ ಬರಬೇಕು, ಎದುರಾಳಿಯ ಆಟದ ವಿಡಿಯೊ ನೋಡಿ ಏನು ತಿಳಿಯಬೇಕು, ಎಲ್ಲಕ್ಕೂ ಕಟ್ಟುಪಾಡು ಬಂತು. ಇಂಗ್ಲೆಂಡಿನ ಕೆಳದರ್ಜೆ ಕ್ಲಬ್ಬಿನಲ್ಲೂ ಇದು ನಿತ್ಯದ ಸಂಗತಿ. ನಮ್ಮಲ್ಲಿ ಆಗ ಅಪರೂಪ. ಹಿಂದೆ ಇಂಗ್ಲೆಂಡಿನ ಜಾನ್ ಜಾನ್ಸನ್, ಕೆನ್ಯಾದ ಕರ್ಟಿಸ್ ಒಸಾನೊ ಗೋಡೆಯಂತೆ ನಿಂತರು. ಮುಂದೆ ನಾಯಕ ಸುನಿಲ್ ಛೆಟ್ರಿ.

ಸೆಪ್ಟೆಂಬರ್ 22ರಂದು ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಮೋಹನ್ ಬಾಗಾನ್ ವಿರುದ್ಧ 1–1ರ ಸಮದೊಂದಿಗೆ ಶುರುವಾದ ಈ ತಂಡ 2014ರ ಏಪ್ರಿಲ್ 21ರಂದು ಗೋವಾದ ಫತೋರ್ಡಾದಲ್ಲಿ ಡೆಂಪೊವನ್ನು 4–2ರಿಂದ ಸೋಲಿಸಿ ಐ-ಲೀಗ್ ಪ್ರಶಸ್ತಿ ಎತ್ತಿತು. ಹುಟ್ಟಿ ಒಂದು ವರ್ಷವೂ ತುಂಬಿರಲಿಲ್ಲ. 2015ರ ಜನವರಿಯಲ್ಲಿ ಫೆಡರೇಷನ್ ಕಪ್ಪೂ ಬಂತು.

ಆದರೆ ವೆಸ್ಟ್‌ವುಡ್ ಅವರ ಬೆಂಗಳೂರಿನ ದಿನಗಳಲ್ಲಿ ಜನ ಹೆಚ್ಚು ನೆನೆಯುವುದು ಗೆದ್ದ ಪಂದ್ಯವನ್ನಲ್ಲ. 2015ರ ಮೇ 31, ಕಂಠೀರವ ಕ್ರೀಡಾಂಗಣ, ಮಳೆ. ಲೀಗಿನ ಕೊನೆಯ ಪಂದ್ಯ, ಎದುರಿಗೆ ಮತ್ತೆ ಮೋಹನ್ ಬಾಗಾನ್. ಬಾಗಾನ್‌ಗೆ ಸಮವಾದರೆ ಸಾಕು, ಬೆಂಗಳೂರಿಗೆ ಗೆಲುವೇ ಬೇಕು. 41ನೆಯ ನಿಮಿಷದಲ್ಲಿ ಗೋಲು ಹೊಡೆದವರು ಡಿಫೆಂಡರ್ ಜಾನ್ಸನ್. 87ನೆಯ ನಿಮಿಷದವರೆಗೂ ಪ್ರಶಸ್ತಿ ಬೆಂಗಳೂರಿನದೇ. ಆಗ ಸಿಕ್ಕ ಕಾರ್ನರ್ ಕಿಕ್ಕಿಗೆ ಬಾಗಾನ್‌ನ ಬೆಲ್ಲೊ ರಝಾಕ್ ಎದ್ದು ತಲೆ ಕೊಟ್ಟರು. ಅವರೂ ಡಿಫೆಂಡರೇ. 1–1. ಇನ್ನು ಮೂರು ನಿಮಿಷ ಏರಿ ಕಾದಿದ್ದರೆ ಆಗುತ್ತಿತ್ತು. ಹದಿಮೂರು ವರ್ಷ ಕಾದಿದ್ದ ಬಾಗಾನ್ ಕಪ್ಪನ್ನು ಬೆಂಗಳೂರಿನ ಮೈದಾನದಿಂದಲೇ ಕಲ್ಕತ್ತಕ್ಕೆ ಒಯ್ದಿತು.

ಮರುವರ್ಷ ಅದೇ ಕಂಠೀರವದಲ್ಲಿ, 2016ರ ಏಪ್ರಿಲ್ 17ರಂದು, ಸಾಲ್ಗಾಂವಕರ್ ತಂಡವನ್ನು 2–0ಯಿಂದ ಮಣಿಸಿ ವೆಸ್ಟ್‌ವುಡ್ ಲೀಗನ್ನು ಮತ್ತೆ ಗೆದ್ದರು. ಆ ಋತು ಮುಗಿದ ಮೇಲೆ ಊರು ಬಿಟ್ಟರು. ಅವರು ಕಟ್ಟಿದ ತಂಡವನ್ನೇ ಸ್ಪೇನಿನ ಆಲ್ಬರ್ಟ್ ರೋಕಾ ಅದೇ ವರ್ಷ ಎ.ಎಫ್.ಸಿ. ಕಪ್ ಫೈನಲ್‌ವರೆಗೆ ಒಯ್ದರು. ಭಾರತದ ಯಾವ ಕ್ಲಬ್ಬೂ ಅದಕ್ಕೆ ಮುನ್ನ ಅಲ್ಲಿಗೆ ಮುಟ್ಟಿರಲಿಲ್ಲ.

ಈ ಕಥೆಯಲ್ಲಿ ಒಂದು ಕೊರತೆಯನ್ನು ಹೇಳಲೇಬೇಕು. ಬೆಂಗಳೂರಿನ ಹೆಸರು ಹೊತ್ತ ಆ ತಂಡದಲ್ಲಿ ಶಂಕರ್ ಸಂಪಂಗಿರಾಜ್‌ರಂಥ ಕೆಲವರನ್ನು ಬಿಟ್ಟರೆ ನಮ್ಮ ನಾಡಿನ ಹುಡುಗರು ಕಡಿಮೆ. ಗೆಲ್ಲಲೇಬೇಕೆಂದು ಬಂದ ಕೋಚ್ ಸಿದ್ಧ ಆಟಗಾರರನ್ನು ಹುಡುಕುತ್ತಾನೆ, ಹುಡುಗರನ್ನು ಬೆಳೆಸಲು ಅವನಿಗೆ ಪುರಸೊತ್ತಿರುವುದಿಲ್ಲ. ಕರ್ನಾಟಕ ತನ್ನದೇ ಹುಡುಗರೊಂದಿಗೆ ಸಂತೋಷ್ ಟ್ರೋಫಿಯನ್ನು ಮತ್ತೆ ಕಂಡದ್ದು 2023ರ ಮಾರ್ಚ್ 4ರಂದು. ರಿಯಾದ್‌ನಲ್ಲಿ ನಡೆದ ಫೈನಲಿನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿದಾಗ 54 ವರ್ಷ ಕಳೆದಿತ್ತು.

ವೆಸ್ಟ್‌ವುಡ್ ಮಲೇಷ್ಯಾಕ್ಕೆ ಹೋಗಿ, ಕಲ್ಕತ್ತ, ಪಂಜಾಬ್ ತಂಡಗಳನ್ನು ನೋಡಿಕೊಂಡು, 2023ರ ಕೊನೆಗೆ ಅಫ್ಘಾನಿಸ್ತಾನದ ಕೋಚ್ ಆದರು. ತಾಯ್ನಾಡಿನಲ್ಲಿ ಆಡಲಾಗದ ತಂಡ ಅದು. ಹಲವು ಹಿರಿಯ ಆಟಗಾರರು ಮಂಡಳಿಯ ಮೇಲೆ ಮುನಿಸಿಕೊಂಡು ದೂರ ಉಳಿದಿದ್ದರು. ಇದ್ದವರಿಗೆ ವೆಸ್ಟ್‌ವುಡ್ ಕಲಿಸಿದ್ದು ಮೊದಲು ಸೋಲದೆ ಉಳಿಯುವುದನ್ನು. 2024ರ ಮಾರ್ಚ್ 21ರಂದು ಸೌದಿ ಅರೇಬಿಯಾದ ಅಭಾದಲ್ಲಿ ವಿಶ್ವಕಪ್ ಅರ್ಹತಾ ಪಂದ್ಯ ಗೋಲಿಲ್ಲದೆ ಮುಗಿಯಿತು. ಐದು ದಿನ ಬಿಟ್ಟು ಗುವಾಹಟಿಯಲ್ಲಿ ಮರುಪಂದ್ಯ. ಛೆಟ್ರಿಗೆ ಅದು ದೇಶದ ಪರ 150ನೆಯ ಪಂದ್ಯ. 38ನೆಯ ನಿಮಿಷದಲ್ಲಿ ಪೆನಾಲ್ಟಿಯಿಂದ ಗೋಲು ಹೊಡೆದರು. ಆದರೆ ಛೆಟ್ರಿಯ ಆಟವನ್ನು ಮೂರು ವರ್ಷ ಹತ್ತಿರದಿಂದ ಕಂಡವರು ಎದುರು ಬೆಂಚಿನಲ್ಲಿ ಕೂತಿದ್ದರು. ಅಫ್ಘಾನಿಸ್ತಾನ 70ನೆಯ ನಿಮಿಷದಲ್ಲಿ ಸಮ ಮಾಡಿಕೊಂಡಿತು, 88ನೆಯ ನಿಮಿಷದಲ್ಲಿ ಪೆನಾಲ್ಟಿಯಿಂದ ಗೆದ್ದಿತು. ಆ ರಾತ್ರಿ ಭಾರತದ ಕೋಚ್ ಆಗಿದ್ದವರು ಕ್ರೊಯೇಷ್ಯಾದ ಇಗೊರ್ ಸ್ಟಿಮಾಚ್. 1998ರ ವಿಶ್ವಕಪ್ಪಿನಲ್ಲಿ ಮೂರನೆಯ ಸ್ಥಾನ ಪಡೆದ ತಂಡದ ಡಿಫೆಂಡರ್. ಭಾರತ ಅರ್ಹತಾ ಸುತ್ತಿನಿಂದ ಹೊರಬಿದ್ದ ಮೇಲೆ, ಅದೇ ಜೂನ್‌ನಲ್ಲಿ, ಅವರನ್ನು ವಜಾ ಮಾಡಲಾಯಿತು.

ಎರಡನೆಯ ಪೆಟ್ಟು ಹಾಂಗ್‌ಕಾಂಗ್‌ನಲ್ಲಿ. 2024ರ ಆಗಸ್ಟ್‌ನಲ್ಲಿ ಅಲ್ಲಿನ ತಂಡದ ಹೊಣೆ ಹೊತ್ತ ವೆಸ್ಟ್‌ವುಡ್, 2025ರ ಜೂನ್ 10ರಂದು ಕೈ ಟಾಕ್ ಕ್ರೀಡಾಂಗಣದಲ್ಲಿ ಏಷ್ಯಾ ಕಪ್ ಅರ್ಹತೆಗಾಗಿ ಭಾರತವನ್ನು ಎದುರಿಸಿದರು. ತೊಂಬತ್ತು ನಿಮಿಷ ದಾಟಿದರೂ ಗೋಲಿಲ್ಲ. ಹೆಚ್ಚುವರಿ ಸಮಯದಲ್ಲಿ ಸಿಕ್ಕ ಪೆನಾಲ್ಟಿಯಿಂದ ಹಾಂಗ್‌ಕಾಂಗ್ 1–0ಯಿಂದ ಗೆದ್ದಿತು. ಮುಂದಿನ ತಿಂಗಳು ಭಾರತದ ಕೋಚ್ ಮನೋಲೊ ಮಾರ್ಕೆಜ್ ಹೊರನಡೆದರು. ಅಕ್ಟೋಬರಿನಲ್ಲಿ ಗೋವಾದಲ್ಲಿ ಸಿಂಗಪುರಕ್ಕೆ ಸೋತು ಭಾರತದ ಆಸೆಯೂ ಮುಗಿಯಿತು.

ಆ ಗುಂಪಿನಿಂದ ಕೊನೆಗೆ ಏಷ್ಯಾ ಕಪ್ಪಿಗೆ ದಾಟಿದ್ದೂ ಸಿಂಗಪುರವೇ. ನವೆಂಬರ್ 18ರಂದು ಕೈ ಟಾಕ್‌ನಲ್ಲಿ ಮೊದಲು ಗೋಲು ಹೊಡೆದು ಮುಂದಿದ್ದ ವೆಸ್ಟ್‌ವುಡ್ ಅವರ ತಂಡ, ಉತ್ತರಾರ್ಧದಲ್ಲಿ ಎರಡು ಗೋಲು ಬಿಟ್ಟುಕೊಟ್ಟು 1–2ರಲ್ಲಿ ಸೋತಿತು.